ಸೀಸದ ಬಾಗಿಲು

"ಬುದ್ಧಿ, ಮೂರು ಕಂಪನಿಯವರೂ ತಮ್ಮದೇ ಒಳ್ಳೆಯದು ಎನ್ನುತ್ತಾರೆ. ಹೋಲಿಸಿ ಹೋಲಿಸಿ ಸಾಕಾಯಿತು. ಯಾರನ್ನು ಆರಿಸಲಿ?"

ಗುರುಗಳನ್ನು ಹೀಗೆ ಕೇಳಿದವರು ಮಠದ ಕಿರಿಯ ಸಾಧಕರಾದ ಗುರುಸಿದ್ಧ ದೇವರು. ಮಠದ ಶಾಲೆ, ವಿದ್ಯಾರ್ಥಿ ನಿಲಯ, ಆಸ್ಪತ್ರೆ ಎಲ್ಲಕ್ಕೂ ಸೇರಿಸಿ ಹೊಸದಾಗಿ ವೈಫೈ ಹಾಕಿಸಬೇಕೆಂದು ತೀರ್ಮಾನವಾಗಿತ್ತು. ಆರಿಸುವ ಹೊಣೆ ಅವರ ತಲೆಯ ಮೇಲೆ ಬಿದ್ದಿತ್ತು. ವೇಗಕ್ಕೆ ಇಷ್ಟು ಅಂಕ, ದೂರಕ್ಕೆ ಇಷ್ಟು, ಬೆಲೆಗೆ ಇಷ್ಟು, ಕೆಟ್ಟಾಗ ಬಂದು ಸರಿಮಾಡುವುದಕ್ಕೆ ಇಷ್ಟು ಎಂದು ಹಾಕಿ ಕೂಡಿಸಿದ್ದರು. ಮೂವರದೂ ಹೆಚ್ಚುಕಡಿಮೆ ಸಮವಾಗಿ ಬಂದಿತ್ತು.

ಗುರುಗಳು ನಕ್ಕರು. "ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿದ ಹಾಗೆ ಎಣಿಸಿದ್ದೀಯಲ್ಲಪ್ಪ. ತಪ್ಪೇನಿಲ್ಲ, ಎಣಿಸಲೇಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇನ್ನು ಮಾರುವವರ ಮಾತು ಕೇಳಬೇಕೆ? ಕೂತುಕೋ. ಒಂದು ಕತೆ ಹೇಳುತ್ತೇನೆ. ಹೇಳಲು ನನಗೆ ಇಷ್ಟವಿಲ್ಲ, ಹೇಳಿದ ದಿನ ಊಟ ಸೇರುವುದಿಲ್ಲ. ಆದರೂ ನೀನು ಕೇಳಿದ್ದು ಅದನ್ನೇ, ಏನು ಮಾಡಲಿ."

ಹೀಗೆಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಅದಕ್ಕೆ ಒಬ್ಬ ವೈದ್ಯ ಮುಖ್ಯಸ್ಥನಾಗಿದ್ದ. ಆ ಸೀಮೆಯಲ್ಲಿ ಧನುರ್ವಾಯು ಆಗಾಗ ಕಾಣಿಸಿಕೊಳ್ಳುತ್ತಿತ್ತು. ಆ ಕಾಯಿಲೆಯ ಹೆಸರೇ ಹೇಳುತ್ತದೆ, ರೋಗಿಯ ಮೈ ಬಿಲ್ಲಿನ ಹಾಗೆ ಬಾಗುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಬಾಗುತ್ತದೆ, ಕಿವಿಗೆ ಸದ್ದು ಬಿದ್ದರೆ ಬಾಗುತ್ತದೆ. ಲೋಟ ಉರುಳಿದ ಸದ್ದು ಸಾಕು. ಅದಕ್ಕೇ ಅಂಥವರನ್ನು ಕತ್ತಲಲ್ಲಿ, ಸದ್ದಿಲ್ಲದ ಕಡೆ ಮಲಗಿಸಬೇಕು.

ಆಸ್ಪತ್ರೆಯ ಕೊನೆಯಲ್ಲಿ ಒಂದು ಹಳೆಯ ಎಕ್ಸ್‌ರೇ ಕೋಣೆ ಇತ್ತು. ಎಕ್ಸ್‌ರೇ ಯಂತ್ರ ಬೇರೆ ಕಡೆಗೆ ಹೋಗಿತ್ತು, ಕೋಣೆ ಖಾಲಿ ಬಿದ್ದಿತ್ತು. ಕಿಟಕಿ ಇಲ್ಲ. ಕಿರಣ ಹೊರಗೆ ಬರಬಾರದೆಂದು ಹಿಂದಿನವರು ಗೋಡೆಗೂ ಬಾಗಿಲಿಗೂ ಸೀಸದ ತಗಡು ಹೊಡೆಸಿದ್ದರು. ಬಾಗಿಲು ಹಾಕಿದರೆ ಒಳಗೆ ಗವ್ವೆನ್ನುವ ಕತ್ತಲು, ಪಕ್ಕದಲ್ಲಿ ಜಾತ್ರೆ ನಡೆದರೂ ಕೇಳಿಸದಷ್ಟು ಮೌನ. ವೈದ್ಯ ಆ ಕೋಣೆಯನ್ನೇ ಧನುರ್ವಾಯುವಿನವರಿಗೆ ಕೊಟ್ಟ. ಒಳ್ಳೆಯ ಯೋಚನೆಯೇ.

ಆದರೆ ಒಂದು ತೊಡಕಿತ್ತು. ಒಳಗಿರುವವರು ಹೊರಗಿರುವವರನ್ನು ಕರೆಯುವುದು ಹೇಗೆ? ಕೂಗುವಂತಿಲ್ಲ, ಗಂಟೆ ಬಾರಿಸುವಂತಿಲ್ಲ, ಮಾತುಮಾತಿಗೆ ಬಾಗಿಲು ತೆರೆಯುವಂತಿಲ್ಲ. ವೈದ್ಯ ಬಹಳ ದಿನ ಯೋಚಿಸಿ ವೈಫೈ ಹಾಕಿಸುವುದೆಂದು ನಿರ್ಧರಿಸಿದ. ಒಳಗಿರುವವರ ಕೈಯಲ್ಲಿ ಒಂದು ಗುಂಡಿ. ಒತ್ತಿದರೆ ಸದ್ದಿಲ್ಲ. ಗುಂಡಿಯ ಮೇಲೆ ಕಡಲೆಕಾಳಿನಷ್ಟು ದೀಪ ಹತ್ತುತ್ತದೆ, ಹೊರಗೆ ಸಿಸ್ಟರುಗಳ ಜೇಬಿನಲ್ಲಿರುವ ಫೋನು ನಡುಗುತ್ತದೆ. ಆಫೀಸಿಗೂ ವೈಫೈ ಬೇಕಿತ್ತು, ಔಷಧಿ ಕೊಡುವ ಕಡೆಗೂ ಬೇಕಿತ್ತು. ಆದರೆ ಅವನ ಮನಸ್ಸಿನಲ್ಲಿದ್ದದ್ದು ಆ ಒಂದು ಕೋಣೆ.

ಮೂವರು ವ್ಯಾಪಾರಿಗಳು ಬಂದರು. ವೈದ್ಯ ನಿನ್ನ ಹಾಗೆಯೇ ಅಳೆದೂ ಸುರಿದೂ ನೋಡುವವನು. ಬರೀ ಬಾಯಿಮಾತು ಬೇಡ, ನಿಮ್ಮ ವೈಫೈ ಪೆಟ್ಟಿಗೆ ತಂದು ಇಲ್ಲೇ ಹಾಕಿ ತೋರಿಸಿ, ನಾವೇ ಅಳೆಯುತ್ತೇವೆ ಎಂದ. ಅದು ಎಷ್ಟು ಜನರಿಗೆ ಹೊಳೆಯುತ್ತದೆ ಹೇಳು?

ಆಸ್ಪತ್ರೆಗೆ ಒಬ್ಬ ಹಿರಿಯ ಸಿಸ್ಟರ್ ಇದ್ದಳು. ಹೊರಗಿನವರು ಬರುತ್ತಾರೆಂದು ಅವಳು ನೆಲ ತೊಳೆಸಿದಳು, ಎಲ್ಲ ಬಾಗಿಲುಗಳನ್ನೂ ತೆರೆಸಿ ಮುಚ್ಚಿಕೊಳ್ಳದ ಹಾಗೆ ಇಟ್ಟಿಗೆ ಇಡಿಸಿದಳು. ಬಂದವರ ಮುಂದೆ ಬಾಗಿಲು ಹಾಕಿರಬಾರದು ಎಂಬುದು ಅವಳು ಬೆಳೆದುಬಂದ ಮನೆಯ ಪದ್ಧತಿ. ನಮ್ಮನಿಮ್ಮ ಮನೆಗಳಲ್ಲೂ ಅದೇ ತಾನೆ? ಆ ಸಮಯಕ್ಕೆ ಕೊನೆಯ ಕೋಣೆಯಲ್ಲಿ ರೋಗಿ ಯಾರೂ ಇರಲಿಲ್ಲ. ಅದರ ಬಾಗಿಲಿಗೂ ಇಟ್ಟಿಗೆ ಬಿತ್ತು.

ಮೊದಲನೆಯವನು ಬೆಳಿಗ್ಗೆ ಬಂದ. ಓಣಿಯಲ್ಲಿ ತನ್ನ ಪೆಟ್ಟಿಗೆ ಹಾಕಿದ. ಕೊನೆಯ ಕೋಣೆಯೊಳಗೆ ಹೋಗಿ ಗುಂಡಿ ಒತ್ತಿದರೆ ಹೊರಗೆ ಫೋನು ತಕ್ಷಣ ನಡುಗಿತು. ಎರಡನೆಯವನು ಮಧ್ಯಾಹ್ನ ಬಂದ. ಅವನದೂ ನಡುಗಿತು, ಕೂದಲೆಳೆಯಷ್ಟು ತಡವಾಗಿ. ಇಬ್ಬರೂ ನಯವಾಗಿ ಮಾತಾಡಿದರು, ಉಪ್ಪಿಟ್ಟು ತಿಂದು ಚೆನ್ನಾಗಿದೆ ಎಂದರು.

ಮೂರನೆಯವನಿಗೆ ಬಸ್ಸು ತಪ್ಪಿ ಬರುವಾಗ ಮುಸ್ಸಂಜೆಯಾಗಿತ್ತು. ಹಸಿದಿದ್ದ, ಸಿಡುಕನೂ ಆಗಿದ್ದ. ಓಣಿಯಲ್ಲಿ ಪೆಟ್ಟಿಗೆ ಹಾಕಿ ಕೊನೆಯ ಕೋಣೆಗೆ ಬಂದವನು ಬಾಗಿಲನ್ನು ಕೈಯಲ್ಲಿ ತೂಗಿ ನೋಡಿ, ಕಾಲಿನಿಂದ ಇಟ್ಟಿಗೆ ಸರಿಸಿದ.

"ಈ ಬಾಗಿಲು ಹಾಕಬೇಕು," ಎಂದ.

ಸಿಸ್ಟರ್ ಆಗತಾನೆ ದೇವರ ಪಟದ ಮುಂದೆ ದೀಪ ಹಚ್ಚಿ ಬಂದಿದ್ದಳು. "ದೀಪ ಹಚ್ಚೋ ಹೊತ್ತಲ್ಲಿ ಯಾರಾದ್ರೂ ಬಾಗ್ಲು ಹಾಕ್ತಾರಾ? ಲಕ್ಷ್ಮಿ ಒಳಗೆ ಬರೋ ಹೊತ್ತು," ಎಂದಳು.

"ನಾನು ನೋಡ್ಬೇಕಾಗಿರೋದು ಸಿಗ್ನಲ್ಲು ಕಣಮ್ಮ, ಲಕ್ಷ್ಮಿನಲ್ಲ," ಎಂದು ಅವನು ತಾನೇ ಬಾಗಿಲು ಎಳೆದುಕೊಂಡು ಗುಂಡಿ ಒತ್ತಿದ. ಹೊರಗೆ ಫೋನು ನಡುಗಲಿಲ್ಲ. ಬಾಗಿಲು ತೆರೆದು ಬಂದು, "ಈ ಕೋಣೆ ಒಳಗೇ ತಂತಿ ಎಳ್ದು ಇನ್ನೊಂದು ಪೆಟ್ಟಿಗೆ ಹಾಕ್ಬೇಕು. ಇಲ್ದಿದ್ರೆ ಇಲ್ಲಿ ಯಾರದೂ ನಡೆಯಲ್ಲ," ಎಂದ.

ವೈದ್ಯನಿಗೆ ಆ ಮಾತು ರುಚಿಸಲಿಲ್ಲ. ತನ್ನದು ಸೋತ ಕೂಡಲೇ ಬೇರೆಯವರದನ್ನೂ ಎಳೆಯುತ್ತಿದ್ದಾನೆ ಎಂದುಕೊಂಡ. "ಬೇರೆಯವರ ಮಾತು ಬೇಡ. ನಿಮ್ಮದು ಮಾತ್ರ ಹೇಳಿ," ಎಂದ. ವ್ಯಾಪಾರಿಗೂ ಸಿಟ್ಟು ಬಂತು. ನೆತ್ತಿಗೇರಿದ ಸಿಟ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಹೊರಟೇಹೋದ. ಕೂತು ಬಿಡಿಸಿ ಹೇಳಿದ್ದರೆ ವೈದ್ಯ ಕೇಳುತ್ತಿದ್ದನೋ ಏನೋ. ಸರಿಯಾದ ಮಾತು ಸಿಡುಕನ ಬಾಯಿಗೆ ಸಿಕ್ಕಿಬಿಟ್ಟರೆ ಅದರ ಗತಿ ಅಷ್ಟೇ.

ಮರುದಿನ ಕೂತು ಹೋಲಿಸಿದರು. ಇಬ್ಬರದು ಬಾಗಿಲು ತೆರೆದಾಗ ಅಳೆದದ್ದು, ಒಬ್ಬನದು ಬಾಗಿಲು ಹಾಕಿದಾಗ ಅಳೆದದ್ದು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಮೂರನೆಯವನದು ಕೊನೆಗೆ ಬಂತು, ಮೇಲೆ ಇನ್ನೊಂದು ಪೆಟ್ಟಿಗೆಯ ಖರ್ಚು ಬೇರೆ. ಮೊದಲನೆಯವನನ್ನು ಆರಿಸಿದರು. ವೈದ್ಯ ಲಂಚ ತಿಂದನೆಂದು ತಿಳಿಯಬೇಡ. ಒಂದು ಕಾಸು ಮುಟ್ಟಲಿಲ್ಲ. ತಿಂದಿದ್ದರೆ ನನಗೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು, ಅವನನ್ನು ಬೈದು ಮುಗಿಸುತ್ತಿದ್ದೆ.

ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಆ ಕೋಣೆಗೆ ರೋಗಿ ಬರಲಿಲ್ಲ.

ಆಮೇಲೆ ಒಬ್ಬ ಎತ್ತಿಗೆ ಲಾಳ ಕಟ್ಟುವವನು ತನ್ನ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಅಂಗಳದಲ್ಲಿ ಬಿದ್ದಿದ್ದ ಹಳೆಯ ಲಾಳದ ಮೊಳೆಯನ್ನು ಅವಳು ತುಳಿದಿದ್ದಳು. ಅರಿಸಿನ ಹಚ್ಚಿ ಸುಮ್ಮನಾಗಿದ್ದಳು. ಈಗ ದವಡೆ ಕಚ್ಚಿಕೊಂಡಿತ್ತು. ತನ್ನ ಮೊಳೆಯೇ ಚುಚ್ಚಿತಲ್ಲ ಎಂದು ಅವನು ದಾರಿಯುದ್ದಕ್ಕೂ ಕೊರಗಿದ್ದ.

ಅವಳನ್ನು ಕೊನೆಯ ಕೋಣೆಯಲ್ಲಿ ಮಲಗಿಸಿದರು. ಹಿರಿಯ ಸಿಸ್ಟರ್ ಅವನ ಕೈಗೆ ಗುಂಡಿ ಕೊಟ್ಟು, ಬಾಗಿಲ ಬಳಿ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದಳು. ಕೂಗಬೇಡ, ಬಾಗಿಲು ತೆಗೆಯಬೇಡ, ಬೆಳಕು ಬಿದ್ದರೆ ಅವಳ ಜೀವಕ್ಕೇ ಅಪಾಯ. ಏನಾದರೂ ಆದರೆ ಇದನ್ನು ಒತ್ತು, ನಾವು ಎಲ್ಲಿದ್ದರೂ ನಮಗೆ ಗೊತ್ತಾಗುತ್ತದೆ, ಓಡಿ ಬರುತ್ತೇವೆ. ಅವನು ಒಂದು ಸಲ ಒತ್ತಿ ನೋಡಿದ. ಅವಳ ಜೇಬಿನ ಫೋನು ನಡುಗಿತು. ಅವನ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡಿತು. ಆಗ ಬಾಗಿಲು ಅರ್ಧ ತೆರೆದಿತ್ತು.

ಅವನು ಕತ್ತಲಲ್ಲಿ ಹೆಂಡತಿಯ ಪಕ್ಕ ಕೂತ. ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಅವಳು ಚೇತರಿಸಿಕೊಳ್ಳುತ್ತಿದ್ದಳು. ಒಮ್ಮೆ ಅವಳ ತುಟಿ ಒಣಗಿದೆ ಎಂದು ಗುಂಡಿ ಒತ್ತಿದ. ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರ್ ಬಂದಳು. ಅವಳು ಬಂದದ್ದು ಇಂಜೆಕ್ಷನ್ನಿನ ಹೊತ್ತಾಯಿತೆಂದು. ಬಾಗಿಲು ತೆರೆದಾಗ ಫೋನು ನಡುಗಿತು, ಈಗ ತಾನೇ ಒತ್ತಿದನೆಂದು ಅವಳು ತಿಳಿದಳು. ಕರೆದದ್ದಕ್ಕೆ ಬಂದಳೆಂದು ಅವನು ತಿಳಿದ. ಇಬ್ಬರಿಗೂ ಗುಂಡಿಯ ಮೇಲೆ ನಂಬಿಕೆ ಇನ್ನೂ ಗಟ್ಟಿಯಾಯಿತು.

ಒಂದು ಮಧ್ಯಾಹ್ನ ಅವಳ ಗಂಟಲು ಬಿಗಿದುಕೊಂಡಿತು. ಉಸಿರು ಸಿಕ್ಕಲಿಲ್ಲ. ಅವನು ಗುಂಡಿ ಒತ್ತಿದ. ದೀಪ ಹತ್ತಿತು. ಬರುತ್ತಾರೆಂದು ಅವಳ ಕೈ ಹಿಡಿದು ಕೂತ. ಮತ್ತೆ ಒತ್ತಿದ. ಮತ್ತೆ ದೀಪ ಹತ್ತಿತು. ಬಾಗಿಲಿನ ಆಚೆ ಹತ್ತು ಹೆಜ್ಜೆ ದೂರದಲ್ಲಿ ಇಬ್ಬರು ಸಿಸ್ಟರುಗಳು ಹತ್ತಿ ಸುತ್ತುತ್ತ ಕೂತಿದ್ದರು. ಕರೆದರೆ ಓಡಿಬರುವವರೇ. ಗಂಟಲಿಗೆ ಕೊಳವೆ ಹಾಕಿದ್ದರೆ ಅವಳು ಉಳಿಯುತ್ತಿದ್ದಳು. ಅವರ ಜೇಬಿನ ಫೋನು ಮಿಸುಕಲಿಲ್ಲ.

ಔಷಧಿಯ ಹೊತ್ತಿಗೆ ಹಿರಿಯ ಸಿಸ್ಟರ್ ಹೋಗಿ ಬಾಗಿಲು ತೆರೆದಳು. ತೆರೆದದ್ದೇ ತಡ, ಅವಳ ಜೇಬಿನಲ್ಲಿ ಫೋನು ನಡುಗತೊಡಗಿತು. ನಿಲ್ಲಲಿಲ್ಲ. ಒಳಗೇ ಸಿಕ್ಕಿಕೊಂಡಿದ್ದ ಅವನ ಕರೆಗಳೆಲ್ಲ ಒಂದರ ಹಿಂದೊಂದು ಈಗ ಬರುತ್ತಿದ್ದವು. ಅವನು ಇನ್ನೂ ಒತ್ತುತ್ತಲೇ ಇದ್ದ. ಹೆಂಡತಿಯ ಜೀವ ಹೋಗಿತ್ತು.

"ಬಂದ್ರಾ ಅವ್ವ," ಎಂದ ಅವನು. "ಆಗ್ಲಿಂದ ಕರೀತಾನೇ ಇವ್ನಿ."

ಆಗಲೂ ಪಿಸುಮಾತಿನಲ್ಲೇ ಹೇಳಿದನಪ್ಪ. ಇನ್ನು ಸದ್ದಾದರೆ ಯಾರಿಗೂ ಏನೂ ಆಗುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಪೆಟ್ಟಿಗೆ ಹಾಕಿದ ಕಂಪನಿಯವನನ್ನು ಕರೆಸಿದರು. ಅವನು ಬಾಗಿಲು ತೆರೆದಿಟ್ಟು ನೋಡಿ ಎಲ್ಲ ಸರಿಯಾಗಿದೆ ಎಂದ. ಅವನು ಹೋದ ಮೇಲೆ ವೈದ್ಯ ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡ. ಅವಳು ಮಲಗಿದ್ದ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ. ದೀಪ ಹತ್ತಿತು. ಹೊರಗೆ ಸಿಸ್ಟರ್ ಫೋನನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತಿದ್ದಳು. ಅದು ಸುಮ್ಮನೆ ಇತ್ತು. ಅವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಅಳುತ್ತಿದ್ದನೋ ಏನೋ, ಆ ಬಾಗಿಲ ಹಿಂದೆ ಅತ್ತರೆ ಯಾರಿಗೂ ಕೇಳಿಸುವುದಿಲ್ಲ.

ಹೆಣ ಗಾಡಿಗೆ ಏರಿಸುವಾಗ ಲಾಳ ಕಟ್ಟುವವನು ಯಾರನ್ನೂ ಬೈಯಲಿಲ್ಲ. ತನ್ನ ಹೆಬ್ಬೆರಳನ್ನು ನೋಡಿಕೊಂಡ. ಸುತ್ತಿಗೆ ಹಿಡಿದು ಹಿಡಿದು ಕಲ್ಲಾದ ಬೆರಳು. "ನನ್ ಕೈ ಒರಟು ಕಣವ್ವ," ಎಂದು ಸಿಸ್ಟರಿಗೆ ಹೇಳಿದ. "ಸರ್ಯಾಗಿ ಒತ್ನಿಲ್ವೇನೋ."

ಸಿಸ್ಟರ್ ಹೇಳಲು ಬಾಯಿ ತೆರೆದಳು. ಗಾಡಿ ಹೊರಟುಹೋಯಿತು.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ಕಂಪನಿಗಳ ಮಾತು ಗುರುಸಿದ್ಧ ದೇವರ ಮನಸ್ಸಿನಿಂದ ಹೋಗಿಬಿಟ್ಟಿತ್ತು. ಆ ಕತ್ತಲ ಕೋಣೆಯಿಂದ ಹೇಗಾದರೂ ಹೊರಗೆ ಬರಬೇಕೆನ್ನಿಸಿ ಕೇಳಿದರು. "ಎದುರಿಗೇ ಹೆಂಡತಿ ಸಾಯುತ್ತಿದ್ದಳಲ್ಲ ಬುದ್ಧಿ. ಯಾರೂ ಬರದಿದ್ದಾಗ ಅವನು ಬಾಗಿಲು ತೆರೆದು ಒಂದು ಸಲ ಕೂಗಬಾರದಿತ್ತೆ?"

ಗುರುಗಳು ಹೇಳಿದರು, "ಕೂಗಬೇಡ ಎಂದವರೇ, ಒತ್ತಿದರೆ ನಮಗೆ ಗೊತ್ತಾಗುತ್ತದೆ, ಓಡಿ ಬರುತ್ತೇವೆ ಎಂದೂ ಹೇಳಿದ್ದರಪ್ಪ. ಅವನು ಎರಡನ್ನೂ ನಂಬಿದ."