ಎಂಜಲೆಲೆಯಲ್ಲಿ ಹೋದ ಹಲ್ಲಿನ ಪ್ಲೇಟು

ಹದಿಮೂರು ವರ್ಷದ ಸಿಂಚನ ಎರಡು ವರ್ಷ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡಿದ್ದಳು. ಅಷ್ಟು ದಿನವೂ ಚಕ್ಕುಲಿ ಇಲ್ಲ, ಕಬ್ಬಿಲ್ಲ, ಚಿಕ್ಕಿ ಇಲ್ಲ. ಮಕ್ಕಳೇ, ನಿಮ್ಮ ಕೈಲಿ ಆಗುತ್ತಿತ್ತಾ? ನನ್ನ ಕೈಲಂತೂ ಆಗುತ್ತಿರಲಿಲ್ಲ! ಕೊನೆಗೆ ಕ್ಲಿಪ್ಪು ಬಿಚ್ಚಿದ ಡಾಕ್ಟರು ಒಂದು ಪ್ಲೇಟು ಕೊಟ್ಟರು. "ಊಟಕ್ಕೆ ಮಾತ್ರ ತೆಗೀಬೇಕಮ್ಮ. ಇದು ಹಾಕದಿದ್ರೆ ಹಲ್ಲು ಮತ್ತೆ ಹಳೇ ಜಾಗಕ್ಕೇ ಓಡುತ್ತೆ" ಅಂದರು.

ಮರುವಾರವೇ ತಿಪಟೂರಿನ ಛತ್ರದಲ್ಲಿ ಅವಳ ಚಿಕ್ಕಪ್ಪನ ಮದುವೆ. ಅಜ್ಜ ರೇವಣ್ಣನವರು ಮೊದಲ ಪಂಕ್ತಿಯಲ್ಲೇ ಉಂಡು, ಬಾಯಿಗೆ ಟವಲ್ಲು ಹಿಡಿದು ಮೂಲೆಯಲ್ಲಿ ಕೂತುಬಿಟ್ಟಿದ್ದರು. ಫೋಟೋಗೆ ಕರೆದರೂ ಏಳಲಿಲ್ಲ. ಮದುವೆಮನೆಯಲ್ಲಿ ಒಬ್ಬರಾದರೂ ಮುನಿಸಿಕೊಳ್ಳಬೇಕಲ್ಲ, ಇವರ ಸರದಿ ಅಂದುಕೊಂಡರು ಎಲ್ಲರೂ.

ಎರಡನೇ ಪಂಕ್ತಿಯಲ್ಲಿ ಸಿಂಚನ ಕೂತಳು. ಪ್ಲೇಟಿನ ಡಬ್ಬಿ ಅಮ್ಮನ ಬ್ಯಾಗಿನಲ್ಲಿತ್ತು. ಕೇಳೋಣವೆಂದರೆ ಪಕ್ಕದಲ್ಲೇ ಅತ್ತೆ ಮಗ ಓಂಕಾರ. ಅವಳ ಕ್ಲಿಪ್ಪಿಗೆ 'ತಂತಿ ಬೇಲಿ' ಅಂತ ಹೆಸರಿಟ್ಟವನು! ಅದಕ್ಕೇ ಪ್ಲೇಟನ್ನು ಮೆಲ್ಲಗೆ ತೆಗೆದು ಎಲೆಯಡಿಗೆ ಸರಿಸಿದಳು. ಹೋಳಿಗೆ ಬಂತು, ತುಪ್ಪ ಬಂತು, ಪ್ಲೇಟು ಮರೆತೇ ಹೋಯಿತು. ಎಲೆ ಮಡಚಿ ಎದ್ದಳು. ಬಡಿಸುವವರು ಎಲೆ, ಕೆಳಗಿನ ಪೇಪರು ಎಲ್ಲವನ್ನೂ ಸುರುಳಿ ಸುತ್ತಿ ಒಯ್ದರು.

ಕೈ ತೊಳೆಯುವಾಗ ನೆನಪಾಯಿತು. ಅಯ್ಯೋ ದೇವರೇ! ಬಾಯಿಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಎರಡು ವರ್ಷ ಪಟ್ಟ ಪಾಡೆಲ್ಲ ಮಣ್ಣುಪಾಲು. ಹೊರಗೆ ಕಸದ ಟ್ರ್ಯಾಕ್ಟರು ಬಂದು ನಿಂತಿತ್ತು. ಸಿಂಚನ ಕಣ್ಣು ಮುಚ್ಚಿ ಕೂಗಿಯೇಬಿಟ್ಟಳು, "ಎಲೆ ಒಯ್ಯಬೇಡೀ! ನನ್ನ ಹಲ್ಲಿನ ಪ್ಲೇಟು ಅದ್ರಲ್ಲಿದೆ!"

ಓಂಕಾರ ನಕ್ಕ. ನಗದೆ ಬಿಡುತ್ತಾನಾ? ಆದರೆ ಮೊದಲು ಅಂಗಿಯ ತೋಳು ಮಡಚಿ ಹುಡುಕಲು ನಿಂತವನೂ ಅವನೇ. ಅತ್ತೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಬಂದರು. ಮದುಮಗನೂ ಬಾಸಿಂಗದ ಸಮೇತ ಬಂದ. ಒಂದೊಂದೇ ಎಲೆ ಬಿಚ್ಚಿದರು.

"ಸಿಕ್ತು!" ಅಂತ ಅತ್ತೆ ಎತ್ತಿ ಹಿಡಿದರು. ನೋಡಿದರೆ ಅದು ಪ್ಲೇಟಲ್ಲ. ಸಾರು ಮೆತ್ತಿಕೊಂಡ ಇಡೀ ಹಲ್ಲುಸೆಟ್ಟು!

"ಯಾರದಪ್ಪಾ ಇದು?"

ಮೂಲೆಯಿಂದ ಅಜ್ಜ ಮೆಲ್ಲಗೆ ಕೈಯೆತ್ತಿದರು. ಹೋಳಿಗೆ ಅಂಟುತ್ತದೆಂದು ತೆಗೆದು ಅವರೂ ಎಲೆಯಡಿಯೇ ಇಟ್ಟಿದ್ದರಂತೆ! "ಹೇಳೋಕೆ ನಾಚ್ಕೆ ಆಯ್ತು ಕಣವ್ವಾ" ಅಂದರು ಬೊಚ್ಚುಬಾಯಲ್ಲಿ. "ಎಪ್ಪತ್ತಾರು ವರ್ಷದ ನಂಗೆ ಬರದ ಧೈರ್ಯ ನಿಂಗೆ ಬಂತಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ!"

ಛತ್ರವೆಲ್ಲ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಓಂಕಾರನ ಕೈಗೆ ಪ್ಲೇಟೂ ಸಿಕ್ಕಿತು. ಎರಡನ್ನೂ ತಿಕ್ಕಿ ತಿಕ್ಕಿ ತೊಳೆದರು. ಆಮೇಲೆ ತೆಗೆದ ಫೋಟೋದಲ್ಲಿ ಗಂಡು ಹೆಣ್ಣು ಎಲ್ಲಿದ್ದಾರೆಂದು ಹುಡುಕಬೇಕು. ನಡುವೆ ಕೂತು ಬಾಯ್ತುಂಬ ನಗುತ್ತಿರುವವರು ಅಜ್ಜ, ಮೊಮ್ಮಗಳು.

ನೀತಿ: ತಪ್ಪು ಯಾರ ಕೈಯಲ್ಲಾದರೂ ಆಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಅದು ಕಸದ ಪಾಲು. ಧೈರ್ಯವಾಗಿ ಹೇಳಿದರೆ ನಿಮ್ಮದೂ ಸಿಗುತ್ತದೆ, ಹೇಳಲಾಗದೆ ಮೂಲೆಯಲ್ಲಿ ಕೂತವರದೂ ಸಿಗುತ್ತದೆ.