ತುಳಿದವರ ಹೆಸರು

ಹೊಳೆದಂಡೆಯಲ್ಲಿ ಮಾಕವ್ವನ ಆಶ್ರಮವಿತ್ತು. ಆಶ್ರಮ ಅಂದರೆ ಏನು, ಎರಡು ಗುಡಿಸಲು, ಒಂದು ದ್ರಾಕ್ಷಿ ತೋಟ, ಕುತ್ತಿಗೆಯ ತನಕ ನೆಲದಲ್ಲಿ ಹೂತ ಐದು ಮಣ್ಣಿನ ಹರವಿ. ಅರಮನೆಯ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದಿತ್ತು.

ಆದರೆ ಅಲ್ಲಿಯ ಮಧುವಿನ ಹೆಸರು ದೂರದೂರಕ್ಕೆ ಹಬ್ಬಿತ್ತು. ಹಣ್ಣು ಕಿತ್ತು ಹೊಳೆಯ ಮರಳಿನ ಮೇಲೆ ಹರಡುತ್ತಿದ್ದರು. ಹತ್ತು ದಿನದ ಬಿಸಿಲಿಗೆ ಅದು ಸುಕ್ಕುಗಟ್ಟಿದ ಮೇಲೆ ಹಿಂಡಿ ಹರವಿಗೆ ತುಂಬುತ್ತಿದ್ದರು. ವರ್ಷ ಕಳೆದು ತೆಗೆದರೆ ಜೇನಿನಂಥ ಸಿಹಿ, ಜೊತೆಗೊಂದಿಷ್ಟು ಅಮಲು. ಊಟದ ಕೊನೆಗೆ ಒಂದೇ ಗುಟುಕು. ಅತಿಥಿಗೂ ಬಾಣಂತಿಗೂ ಅಷ್ಟೇ ಅಳತೆ. ಇನ್ನೊಂದು ಗುಟುಕು ಕೇಳಿದವರಿಗೆ ಮಾಕವ್ವ ನೀರು ಕೊಡುತ್ತಿದ್ದಳು.

ಕೇತೋಜ ಅವಳ ಶಿಷ್ಯ. ಮೊದಲು ಕಲ್ಲಿನಲ್ಲಿ ಅಕ್ಷರ ಕೆತ್ತುತ್ತಿದ್ದವನು. ಅರಸರ ಹೊಗಳಿಕೆ ಕೆತ್ತಿ ಕೆತ್ತಿ ಬೇಸತ್ತು ಇಲ್ಲಿಗೆ ಬಂದಿದ್ದ.

ಬಂದ ಹೊಸದರಲ್ಲಿ ಅವನು ಕೇಳಿದ್ದ, “ಅವ್ವಾ, ಹಣ್ಣಿಗೆ ಮರಳು ಅಂಟತದ. ಚಾಪಿ ಹಾಸಿದ್ರ ಆಗೂದಿಲ್ಲೇನ್ರಿ?”

“ಆಗ್ತದ,” ಎಂದಳು ಮಾಕವ್ವ. “ಆದ್ರ ಹಾಸೂದಿಲ್ಲ.”

ಯಾಕೆಂದು ಅವಳು ಹೇಳಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಅರಮನೆಯ ಅಧಿಕಾರಿ ಹೆಗ್ಗಡೆ ಬಮ್ಮಯ್ಯ ಬಂದ. ಅವನ ಹಿಂದೆ ಒಂದು ಎತ್ತಿನ ಗಾಡಿ, ಗಾಡಿಯಲ್ಲಿ ಏನೂ ಬರೆಯದ ಒಂದು ಕಲ್ಲು. ಮಾಕವ್ವ ಹೊಳೆಗೆ ಹೋಗಿದ್ದಳು. ಕೇತೋಜ ಒಬ್ಬನೇ ಇದ್ದ.

ನಡೆದದ್ದು ಇಷ್ಟು. ಪರನಾಡಿನ ಅರಸನೊಬ್ಬ ಔತಣದಲ್ಲಿ ಈ ಮಧು ಕುಡಿದು, ಇದನ್ನು ಮೊದಲು ಮಾಡಿದವರು ಯಾರು ಎಂದು ಕೇಳಿದ್ದ. ನಮ್ಮ ಅರಸರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಅರಸರಿಗೆ ಬರುವುದಿಲ್ಲವಲ್ಲ, ನನ್ನ ಏಳನೆಯ ಅಜ್ಜ ಎಂದುಬಿಟ್ಟರು. ಈಗ ಅದು ಕಲ್ಲಿನ ಮೇಲೆ ಬರಬೇಕಿತ್ತು.

“ನಾಳೆ ಸಂಜಿಯೊಳಗ ಕಲ್ಲು ನಿಂತಿರಬೇಕು ಓಜಾ,” ಎಂದ ಬಮ್ಮಯ್ಯ. “ನಿಲ್ಲಲಿಲ್ಲಂದ್ರ ತೋಟ ನಿಲ್ಲೂದಿಲ್ಲ. ನನ್ನ ಮಾತಲ್ಲ ಇದು, ಅರಸರದು.”

ಕೇತೋಜ ತೋಟದ ಕಡೆ ನೋಡಿದ. ಮೂರು ವರ್ಷ ಅವನು ನೀರು ಹೊತ್ತು ಬೆಳೆಸಿದ ಬಳ್ಳಿಗಳು. ಆಯಿತೆಂದು ತಲೆಯಾಡಿಸಿದ.

ಮಾಕವ್ವ ಬರುವಷ್ಟರಲ್ಲಿ ಹೆಗ್ಗಡೆ ಹೋಗಿದ್ದ. ಕಲ್ಲಿನ ಮೇಲೆ ಕೆಮ್ಮಣ್ಣಿನಿಂದ ಗುಂಡಗಿನ ಅಕ್ಷರ ಬರೆದಾಗಿತ್ತು, ಕೆತ್ತುವುದಷ್ಟೇ ಬಾಕಿ.

“ನನಗ ಓದಾಕ ಬರೂದಿಲ್ಲ. ಏನದ ಓದು,” ಎಂದಳು.

ಕೇತೋಜ ಓದಿದ. “ಅರಸರ ಏಳನೆಯ ಅಜ್ಜನ ಕನಸಿನಲ್ಲಿ ದೇವಿಯು ಬಂದು ಈ ಮಧುವನ್ನು ಕರುಣಿಸಿದಳು.”

“ಈ ಕನಸು ನಿನಗ ಹೇಳಿದವರು ಯಾರು?”

“ಹೆಗ್ಗಡೆಯವರು.”

“ಅವರಿಗೆ?”

“ಅರಸರು.”

“ಅರಸರಿಗೆ?”

ಕೇತೋಜ ಕೆಮ್ಮಣ್ಣಿನ ಕೈ ಒರೆಸಿಕೊಂಡ. ಆಮೇಲೆ ಅವನಿಗೆ ಸಿಟ್ಟು ಬಂತು. “ತೋಟ ಉಳೀತದಲ್ಲವ್ವಾ. ಕಲ್ಲಿನ ಮ್ಯಾಲ ಒಂದು ಸಾಲು ಸುಳ್ಳಿದ್ರ ದ್ರಾಕ್ಷಿಗೇನು ಗೊತ್ತಾಗ್ತದ?”

“ದ್ರಾಕ್ಷಿಗೆ ಗೊತ್ತಾಗೂದಿಲ್ಲ. ನಿನಗ?”

“ನಿಜ ಯಾವುದು ಅಂತ ನೀವು ಹೇಳೇ ಇಲ್ಲ. ಗೊತ್ತಿಲ್ಲದವ ಬರೆದ್ರ ಅದು ಸುಳ್ಳು ಹೆಂಗಾಗ್ತದ?”

ಮಾಕವ್ವನಿಗೆ ನಗು ಬಂತು. ಅವನನ್ನು ಕರೆದುಕೊಂಡು ಹೋಗಿ ಮರಳಿನ ಮೇಲೆ ಕೂರಿಸಿದಳು. ತಾನೂ ಎದುರಿಗೆ ಕೂತಳು.

“ಅರಸರ ಏಳನೇ ಅಜ್ಜ ಇಲ್ಲಿಗೆ ಬಂದದ್ದು ಹೌದು,” ಎಂದಳು. “ಕುದುರಿ ಮ್ಯಾಲ ಬಂದ. ಹೊಳಿ ದಾಟಿ ಯಾರ ಮ್ಯಾಲೋ ದಂಡೆತ್ತಿ ಹೊಂಟಿದ್ದ. ದಾರಿ ಸುತ್ತಾಗ್ತದ ಅಂತ ತೋಟದಾಗೇ ಹಾಯ್ದ. ಹಣ್ಣಿನ ಕಾಲ. ಸಾವಿರ ಕುದುರಿ ಗೊಂಚಲು ಗೊಂಚಲು ಮರಳಿನಾಗ ತುಳಿದು ಹೋದವು. ಮಂದಿ ಜೀವ ಉಳಿಸಿಕೊಂಡು ಆಚಿ ದಂಡಿಗೆ ಓಡಿದರು.”

“ಆಮ್ಯಾಲ?”

“ಹತ್ತು ದಿನ ಆದ ಮ್ಯಾಲ ಒಬ್ಬ ಹೆಂಗಸು ತಿರುಗಿ ಬಂದಳು. ದೇಕವ್ವ ಅಂತ. ತಿನ್ನಾಕ ಏನೂ ಇರಲಿಲ್ಲ. ಮರಳಿನಾಗ ಬಿದ್ದು ಒಣಗಿದ ಹಣ್ಣು ಒಂದೊಂದೇ ಆರಿಸಿದಳು. ಹಿಂಡಿದಳು. ಒಡೀದೆ ಉಳಿದದ್ದು ಒಂದೇ ಹರವಿ, ಅದಕ್ಕ ತುಂಬಿದಳು. ಕುದುರಿ ತುಳಿದದ್ದನ್ನ ಯಾರು ಕುಡೀತಾರ ಅಂತ ಮಂದಿ ನಕ್ಕರು. ವರ್ಷ ಆದ ಮ್ಯಾಲ ಮುಚ್ಚಳ ತೆಗೆದಾಗ ಯಾರೂ ನಗಲಿಲ್ಲ.”

ಕೇತೋಜ ಕೈಯಲ್ಲಿದ್ದ ಮರಳನ್ನು ನೋಡುತ್ತ ಕೂತ. ಚಾಪೆ ಯಾಕಿಲ್ಲ ಎಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

“ಇದಕ್ಕ ಸಾಕ್ಷಿ ಏನವ್ವಾ?”

“ದೇಕವ್ವ ತನ್ನ ಶಿಷ್ಯೆಗೆ ಹೇಳಿದಳು. ಆಕಿ ತನ್ನ ಶಿಷ್ಯೆಗೆ. ನನಗ ನನ್ನ ಗುರು ಹೇಳಿದಳು. ಈಗ ನೀ ಕೇಳಿದಿ.”

“ಅಂದ್ರ ನಾ ಏನು ಕೆತ್ತಲಿ?”

“ಉಳಿ ನಿನ್ನ ಕೈಯಾಗ ಅದ,” ಎಂದು ಅವಳು ಒಲೆ ಹಚ್ಚಲು ಎದ್ದು ಹೋದಳು.

ಇಷ್ಟು ದಿನ ಅವಳು ಹೇಳಿದ್ದನ್ನು ಮಾಡುವುದು ಸುಲಭವಿತ್ತು. ಇವತ್ತು ಮಾಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೇತೋಜನಿಗೆ ಅಳು ಬಂದಂತಾಯಿತು. ಬಹಳ ಹೊತ್ತು ಕೂತಿದ್ದು, ಎದ್ದು, ಕೊಡದಲ್ಲಿ ನೀರು ತಂದು ಕೆಮ್ಮಣ್ಣು ತೊಳೆದ.

ಮರುದಿನ ಮಧ್ಯಾಹ್ನ ಬಮ್ಮಯ್ಯ ಇಪ್ಪತ್ತು ಆಳುಗಳ ಜೊತೆ ಬಂದ. ಕಲ್ಲು ನೆಟ್ಟಗೆ ನಿಂತಿತ್ತು. ಅಕ್ಷರ ಅಂದವಾಗಿದ್ದವು. ಹೆಗ್ಗಡೆ ಮೆಚ್ಚುತ್ತಲೇ ಓದತೊಡಗಿದ.

“ಅರಸರ ಏಳನೆಯ ಅಜ್ಜನ ಕುದುರೆಗಳು ಇಲ್ಲಿ ಹಣ್ಣು ತುಳಿದವು. ದೇಕವ್ವ ಅದನ್ನು ಆಯ್ದು ಮಧು ಮಾಡಿದಳು.”

ಅವನ ಮುಖ ಕಪ್ಪಿಟ್ಟಿತು. ಇನ್ನೊಮ್ಮೆ ಓದಿದ.

“ಅಳಸು ಇದನ್ನ.”

“ನನಗ ಕೆತ್ತಾಕ ಅಷ್ಟೇ ಬರ್ತದರಿ,” ಎಂದ ಕೇತೋಜ. ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಿದ. “ಅಜ್ಜನವರ ಹೆಸರು ಬರಬೇಕು ಅಂದ್ರಿ. ಮೊದಲನೇ ಸಾಲಿನಾಗೇ ಅದ.”

ಬಮ್ಮಯ್ಯ ಆಳುಗಳ ಕಡೆ ತಿರುಗಿದ. “ಕಲ್ಲು ಆಮ್ಯಾಲ ನೋಡೋಣ. ಮೊದಲು ಬಳ್ಳಿ ಕಡೀರಿ. ಒಂದೂ ಉಳೀಬಾರದು.” ಹೇಳಿ ಬೇವಿನ ನೆರಳಿಗೆ ಹೋಗಿ, ಅರಸರಿಗೆ ಏನು ಹೇಳುವುದೆಂದು ತಲೆ ಕೆರೆದುಕೊಳ್ಳುತ್ತ ಕೂತ.

ಮೊದಲ ಬಳ್ಳಿ ಬಿತ್ತು. ಕೇತೋಜ ಅಲ್ಲೇ ಕುಸಿದು ಅತ್ತುಬಿಟ್ಟ.

“ನಿಜ ಬರೆದು ತೋಟ ಕಳೆದೆನವ್ವಾ.”

“ಅಳೂದು ಆಮ್ಯಾಲ,” ಎಂದಳು ಪಕ್ಕಕ್ಕೆ ಬಂದ ಮಾಕವ್ವ. “ಊರಿಗೆ ಓಡು. ಮನಿಗೊಬ್ಬರು ಒದ್ದಿ ಅರಿವಿ ತಗೊಂಡು ಬರ್ರಿ ಅಂತ ಹೇಳು. ಆಚಿ ದಂಡಿಯವರಿಗೂ ಕೂಗಿ ಹೇಳು.”

ಅವನು ಓಡಿದ. ಅವಳು ಸೀದಾ ಆಳುಗಳ ನಡುವೆ ಹೋದಳು.

“ಹಂಗ ಕಂಡಕಂಡಲ್ಲಿ ಹೊಡೀಬ್ಯಾಡ್ರಿ,” ಎಂದು ಒಬ್ಬನ ಕೈಯಿಂದ ಕುಡಗೋಲು ತೆಗೆದುಕೊಂಡಳು. “ಇಲ್ಲಿ ನೋಡ್ರಿ, ಚಿಗುರು ಒಡೆಯೋ ಕಣ್ಣು. ಮೂರು ಕಣ್ಣಿಗೊಂದು ತುಂಡು. ಕೆಳಗಿನ ತುದಿ ಓರೆ ಕಡೀರಿ, ಮ್ಯಾಲಿನದು ನೇರ. ಹಂಗಾದ್ರ ನೆಡೂವಾಗ ತಲಿ ಯಾವುದು ಬುಡ ಯಾವುದು ಗೊತ್ತಾಗ್ತದ.”

ಆಳುಗಳೆಲ್ಲ ರೈತರ ಮಕ್ಕಳೇ. ಕಡಿಯಬೇಕೆಂದು ಅಪ್ಪಣೆಯಿತ್ತು, ಹೇಗೆ ಕಡಿಯಬೇಕೆಂದು ಇರಲಿಲ್ಲ. ಮುದುಕಿ ಹೇಳಿದಂತೆ ಕಡಿದರು. ದೊಡ್ಡ ಮೀಸೆಯವನೊಬ್ಬ ಅತ್ತಿತ್ತ ನೋಡಿ ಎರಡು ಕಡ್ಡಿಯನ್ನು ರುಮಾಲಿನೊಳಗೆ ಸೇರಿಸಿಕೊಂಡ.

“ನಮ್ಮೂರಾಗ ಕರಿ ಮಣ್ಣು ಅದರಿ ಅವ್ವಾ. ಬೇರು ಹತ್ತತದೇನ್ರಿ?”

“ಹತ್ತತದ. ನೀರು ನಿಲ್ಲಗೊಡಬ್ಯಾಡ.”

ಊರ ಹೆಂಗಸರು ಬಂದರು. ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿ, ಮಕ್ಕಳನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಹೋಗತೊಡಗಿದರು. ಕೇತೋಜ ಏದುಸಿರು ಬಿಡುತ್ತ ಹಿಂದಿರುಗಿ ಬಂದು ನೋಡಿದ. ಆಗ ಅವನಿಗೆ ಅರ್ಥವಾಯಿತು. ಕಣ್ಣು ಒರೆಸಿಕೊಂಡು ತಾನೂ ಕಡ್ಡಿ ಕಟ್ಟಲು ಕೂತ.

ಬೇವಿನ ನೆರಳಿನಲ್ಲಿದ್ದ ಬಮ್ಮಯ್ಯನಿಗೂ ಅರ್ಥವಾಯಿತು, ಸ್ವಲ್ಪ ತಡವಾಗಿ. ಎದ್ದು ಪಂಚೆ ಎತ್ತಿಕಟ್ಟಿ ಓಡಿ ಬಂದ.

“ನಿಲ್ಲಸ್ರಿ. ಸಾಕು. ಇನ್ನೊಂದು ಬಳ್ಳಿ ಮುಟ್ಟಬ್ಯಾಡ್ರಿ.”

ಆಳುಗಳು ಕೈ ತಡೆದು ನಿಂತರು. ಯಾರ ಮುಖ ನೋಡಬೇಕೆಂದು ತಿಳಿಯದೆ ಕೊನೆಗೆ ಮುದುಕಿಯ ಮುಖ ನೋಡಿದರು.

“ಯಾಕ ನಿಂತ್ರಿ?” ಎಂದಳು ಮಾಕವ್ವ. “ಕಡೀರಿ. ಆಚಿ ದಂಡಿಯವರು ಇನ್ನೂ ಬರೂದದ.”