ಚುಕ್ಕಿಯ ಗಿಡ್ಡ ಎಳೆ

ಕಾಲು ಮಡಚಿ ಹತ್ತಿರ ಕೂತ್ಕೊಳ್ಳಿ ಮಕ್ಕಳೇ, ಇಲಿಯ ತಲೆಯೊಳಗಿನ ಒಂದು ಜಗಳ ಹೇಳ್ತೀನಿ. ಅಲ್ಲಿ ಬಾದಾಮಿ ಬೀಜದಂಥ ಒಂದು ಗಂಟಿದೆ, ಇಲಿಗೆ ಭಯ ಹುಟ್ಟೋದು ಅಲ್ಲೇ. ಆ ಗಂಟಿನಲ್ಲಿ ಗೋಪುರಪ್ಪ ಅಂತ ಒಬ್ಬ ದೊಡ್ಡ ಜೀವಕೋಶ ಇದ್ದ. ಮೈತುಂಬ ಕೊಂಬೆ, ಕೊಂಬೆತುಂಬ ಮುಳ್ಳು, ಅವನ ಮಾತು ಸಾಗಿಸೋ ಎಳೆ ಬಲು ದೂರ ಹೋಗ್ತಿತ್ತು. ಪಕ್ಕದಲ್ಲೇ ಚುಕ್ಕಿ ಅಂತ ಸಣ್ಣ ಜೀವಕೋಶ. ಅವಳ ಎಳೆ ಗೋಪುರಪ್ಪನ ಸೊಂಟ ಸುತ್ತಿ ಅಲ್ಲಿಗೇ ಮುಗಿದುಹೋಗ್ತಿತ್ತು.

ಇಲಿ ಮರಿ ಹಾಕಿ ಎರಡು ದಿನವಾಗಿತ್ತು, ಹಸಿವಿಗೆ ಹಾಲು ಬತ್ತಿತ್ತು. ಅಡುಗೆಮನೆಯಲ್ಲಿ ಕಡಲೆಬೀಜ ಬಿದ್ದಿತ್ತು. ಆದರೆ ಹಿತ್ತಿಲಲ್ಲಿ ಮೊರದ ಸದ್ದಾದಾಗೆಲ್ಲ ಗೋಪುರಪ್ಪ "ಓಡು" ಅಂತ ಕೂಗೋನು, ಇಲಿ ಬಿಲಕ್ಕೆ ಓಡೋದು. ಮೂರು ಸಲ ಹೀಗೇ ಆಯ್ತು.

"ಅಣ್ಣ, ಅದು ಬರೀ ಮೊರ. ಸುಮ್ಮನಿರು, ಮರಿಗಳು ಸಾಯ್ತಾವೆ," ಅಂದಳು ಚುಕ್ಕಿ.

"ಗೇಣುದ್ದ ಎಳೆಯಿಲ್ಲದವಳು ನನಗೆ ಬುದ್ಧಿ ಹೇಳ್ತೀಯಾ? ನಿನ್ನ ಮಾತು ಇಲಿಯ ಕಾಲಿಗೆ ಮುಟ್ಟುತ್ತಾ?" ಅಂದ ಗೋಪುರಪ್ಪ.

"ಕಾಲಿಗ್ಯಾಕೆ? ನಿನಗೆ ಮುಟ್ಟಿದರೆ ಸಾಕು," ಅಂದವಳೇ ಎಳೆ ಬಿಗಿದಳು. ಅವನ ಬಾಯಿ ಕಟ್ಟಿತು. ಮೊರ ಸದ್ದು ಮಾಡ್ತಾನೇ ಇತ್ತು, ಇಲಿ ಹೊಟ್ಟೆತುಂಬ ತಿಂತು.

ಅಷ್ಟರಲ್ಲಿ ಬೆಕ್ಕಿನ ವಾಸನೆ ಬಂತು. ಚುಕ್ಕಿ ಎಳೆ ಸಡಿಲಿಸಿ, "ಈಗ ಕೂಗಣ್ಣ, ನಿನ್ನ ಗಂಟಲು ಇರೋದೇ ಇದಕ್ಕೆ," ಅಂದಳು. ಅವನು ಕೂಗಿದ, ಇಲಿ ಹಾರಿ ಬಿಲ ಸೇರಿತು.

ಮರಿಗಳು ಹಾಲು ಕುಡಿದು ಬೆಳೆದವು. ಬೆಕ್ಕು ಕಡಲೆಬೀಜದ ಸಿಪ್ಪೆ ಮೂಸಿ ಹೋಯ್ತು. ಗೋಪುರಪ್ಪ ಇವತ್ತಿಗೂ ಜೋರಾಗೇ ಕೂಗ್ತಾನೆ, ಆದರೆ ಕೂಗೋ ಮುಂಚೆ ಸೊಂಟ ತಡವಿಕೊಳ್ತಾನೆ. ಚುಕ್ಕಿಯ ಎಳೆ ಮಾತ್ರ ಕೂದಲಷ್ಟೂ ಉದ್ದ ಆಗಲಿಲ್ಲ, ಅವಳಿಗೆ ಅದು ಬೇಕಾಗೂ ಇರಲಿಲ್ಲ.